ಚೆನ್ನಾಗಿದ್ದೀನಿ ಅನ್ನಿಸಿದ ಮೇಲಿನ ಮಾತ್ರೆಗಳು

ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇದೆ. 2024ರ ದೀಪಾವಳಿಯಿಂದ ಆರು ತಿಂಗಳು ಅದರಲ್ಲಿ ಇದ್ದದ್ದು ನನ್ನ ತಮ್ಮನ ಟಿಬಿ ಮಾತ್ರೆಗಳು. ಬೀರುವಿನಲ್ಲಿ ಮುಚ್ಚಿಡೋಣ, ಬಂದವರ ಕಣ್ಣಿಗೆ ಬೀಳುವುದು ಬೇಡ ಅಂತ ಅಮ್ಮ ಹೇಳಿದ್ದರು. ನಾನೇ ಹಟ ಮಾಡಿ ಹೊರಗಿಟ್ಟೆ. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ತಮ್ಮನ ಒಪ್ಪಿಗೆಗೆ ಕಾಯುತ್ತಿದ್ದೆ. ಮೊನ್ನೆ ಊಟ ಮಾಡುವಾಗ ಅವನೇ, "ಬರಿ ಅಕ್ಕ, ನನ್ನ ಹೆಸರು ಮಾತ್ರ ಹಾಕಬೇಡ" ಅಂದ.

ಅವನಿಗೆ ಆಗ 29 ವರ್ಷ. ಪೀಣ್ಯದಲ್ಲಿ ಲೇತ್ ಕೆಲಸ. ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ನನ್ನ ಗಂಡ, ಮಗಳು, ಇವನು, ಎಲ್ಲರೂ ಒಟ್ಟಿಗೇ ಇದ್ದೇವೆ. ಆಗಸ್ಟ್‌ನಲ್ಲಿ ಕೆಮ್ಮು ಶುರುವಾಯಿತು. ಬೆಂಗಳೂರಿನ ಧೂಳು, ವರ್ಕ್‌ಶಾಪಿನ ಹೊಗೆ, ಮಳೆಗಾಲದ ಥಂಡಿ. ಕೆಮ್ಮಿಗೆ ಕಾರಣ ಹುಡುಕುವುದು ಈ ಊರಲ್ಲಿ ಕಷ್ಟವಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಕೆಮ್ಮಿನ ಸಿರಪ್ ಕೊಟ್ಟರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಇನ್ನೊಂದು ಸಿರಪ್, ಜೊತೆಗೆ ಲೀವೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್. ಜ್ವರ ಇಳಿಯಿತು. ಗಣೇಶನ ಹಬ್ಬದಲ್ಲಿ ಕಡುಬು ತಿಂದ. ವಾಸಿಯಾಯಿತು ಅಂದುಕೊಂಡೆವು.

ಆಮೇಲೆ ತಿಳಿಯಿತು. ಆ ಔಷಧಿ ಟಿಬಿ ರೋಗಾಣುವಿನ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಸಾಯಿಸುವಷ್ಟಲ್ಲ, ಸ್ವಲ್ಪ ದಿನ ತಲೆ ತಗ್ಗಿಸಿ ಕೂರಿಸುವಷ್ಟು. ಹಾಗಾಗಿ ಕಾಯಿಲೆ ಮರೆಯಾಗುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. ಅಕ್ಟೋಬರ್ ಹೊತ್ತಿಗೆ ಸಂಜೆಯಾದರೆ ಮೈ ಬಿಸಿ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು ಕೊರೆದುಕೊಂಡಿದ್ದ. ತೂಕ ನೋಡಿದರೆ 46 ಕೆಜಿ.

ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಇವನು ಗೇಟಿನ ಹತ್ತಿರ ಕೆಮ್ಮುತ್ತಿದ್ದುದನ್ನು ಕೇಳಿಸಿಕೊಂಡು ನಿಂತರು. "ಎಷ್ಟು ದಿನ ಆಯ್ತಣ್ಣ?" ಅಂದರು. "ಎರಡು ತಿಂಗಳು" ಅಂದ. "ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸ್ಬೇಕಣ್ಣ. ನಾಳೆ ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗ್ದು ಈ ಡಬ್ಬಿಯಲ್ಲಿ ಹಾಕ್ಕೊಂಡು ಬನ್ನಿ. ಎಂಜಲಲ್ಲ, ಕಫ." ಅಷ್ಟೇ. ಎರಡು ತಿಂಗಳು ನಾವು ಖರ್ಚು ಮಾಡಿ ಓಡಾಡಿದ್ದಕ್ಕೆ ಸಿಗದ ಉತ್ತರ ಒಂದು ಪ್ಲಾಸ್ಟಿಕ್ ಡಬ್ಬಿಯಿಂದ, ಬಿಡಿಗಾಸಿಲ್ಲದೆ ಸಿಕ್ಕಿತು. ಪರೀಕ್ಷೆ ಮಾಡಿದ್ದು ಟ್ರೂನ್ಯಾಟ್ ಅನ್ನುವ ಸಣ್ಣ ಯಂತ್ರದಲ್ಲಿ. ಅದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನದೇ ಬಿಗ್‌ಟೆಕ್ ಲ್ಯಾಬ್ಸ್. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಟಿಬಿ ಇದೆಯಾ ಅಂತಲ್ಲದೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್ ಕೆಲಸ ಮಾಡುತ್ತದಾ ಅಂತಲೂ ಅದು ಹೇಳುತ್ತದೆ. ಟಿಬಿ ಇತ್ತು. ರಿಫಾಂಪಿಸಿನ್ ಕೆಲಸ ಮಾಡುತ್ತಿತ್ತು.

ಆ ಸಿರಪ್ ಬಾಟಲಿಗಳ ವಿಷಯ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಆ ಡಾಕ್ಟರ ಮೇಲಿನ ಸಿಟ್ಟು ಇಳಿದ ಮೇಲೂ ಹೋಗಲಿಲ್ಲ. ಹೀಗೆ ಓದುತ್ತಾ ಹೋದಾಗ ಒಂದು ಹಳೆಯ ಅಧ್ಯಯನ ಕಣ್ಣಿಗೆ ಬಿತ್ತು. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಏರ್‌ಪೋರ್ಟ್ ಕಡೆ ಹೋಗುವಾಗ ನಾನು ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ. ದೇಶಕ್ಕೆಲ್ಲ ಟಿಬಿ ಕಾರ್ಯಕ್ರಮ ಹೇಗಿರಬೇಕು ಅಂತ ಯೋಚಿಸಿದ ಜಾಗ ಅದು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಟಿಬಿ ಇದ್ದವರನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಅನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಇವರು ಕಂಡದ್ದೇ ಬೇರೆ. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ಇದು ಅಚ್ಚಾದದ್ದು 1963ರಲ್ಲಿ.

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಪ್ಪ ತುಮಕೂರು ಜಿಲ್ಲೆಯವರು. ಅಪ್ಪನ ಚಿಕ್ಕಪ್ಪ, ನಾವು ಚಿಕ್ಕಜ್ಜ ಅನ್ನುತ್ತಿದ್ದದ್ದು, ಅವರೂ ಅಲ್ಲಿಯವರೇ. ಅವರಿಗೂ ಇದೇ ಕಾಯಿಲೆ. ಆದರೆ ನಮ್ಮ ಮನೆಯಲ್ಲಿ ಯಾರೂ ಹೆಸರು ಹೇಳುತ್ತಿರಲಿಲ್ಲ. "ಆ ಕಾಯಿಲೆ" ಅನ್ನುತ್ತಿದ್ದರು. ಕ್ಷಯ ಅನ್ನುವ ಮಾತನ್ನು ಅಪ್ಪ ಹೇಳಿದ್ದೇ ನಾನು ಕೇಳಿಲ್ಲ. ಚಿಕ್ಕಜ್ಜನನ್ನು ಮೈಸೂರಿನ ಸ್ಯಾನಟೋರಿಯಂಗೆ ಸೇರಿಸಿದ್ದರಂತೆ. ಅದು 1921ರಲ್ಲಿ ಕಟ್ಟಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ, ಇದೇ ಕಾಯಿಲೆಯಲ್ಲಿ ತೀರಿಕೊಂಡ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿದೆ. ಅರಮನೆಯನ್ನೂ ಬಿಡದ ಕಾಯಿಲೆ ಇದು. ಒಳ್ಳೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ಆಗಿನ ಕಾಲಕ್ಕೆ ಅದೇ ಚಿಕಿತ್ಸೆ. ಚಿಕ್ಕಜ್ಜ ವಾಪಸ್ ಬರಲಿಲ್ಲ.

ಮಾತ್ರೆ ಬಂದ ಮೇಲೂ ಮನೆ ಬಿಟ್ಟು ಸ್ಯಾನಟೋರಿಯಂಗೆ ಹೋಗಲೇಬೇಕಾ? ಇದನ್ನು ಪರೀಕ್ಷಿಸಿ ನೋಡಿದ್ದು ಮದರಾಸಿನಲ್ಲಿ. 1956ರಲ್ಲಿ ಶುರು ಮಾಡಿದರು. ಒಂದಷ್ಟು ರೋಗಿಗಳಿಗೆ ಸ್ಯಾನಟೋರಿಯಂ, ಒಂದಷ್ಟು ಜನಕ್ಕೆ ಅವರವರ ಇಕ್ಕಟ್ಟಾದ ಮನೆಯಲ್ಲೇ ಮಾತ್ರೆ. 1959ರಲ್ಲಿ ಬಂದ ಫಲಿತಾಂಶ ಜಗತ್ತಿನ ಲೆಕ್ಕವನ್ನೇ ಬದಲಿಸಿತು. ಮನೆಯಲ್ಲಿದ್ದವರೂ ಅಷ್ಟೇ ಚೆನ್ನಾಗಿ ವಾಸಿಯಾದರು. ಅವರ ಮನೆಯವರಿಗೆ ಜಾಸ್ತಿಯೇನೂ ಅಂಟಲಿಲ್ಲ. ನನ್ನ ತಮ್ಮ ಆರು ತಿಂಗಳು ನಮ್ಮ ಜೊತೆಯಲ್ಲೇ, ಅವನ ಮಂಚದಲ್ಲೇ ಮಲಗಿ ವಾಸಿಯಾಗಿದ್ದಕ್ಕೆ ಆ ಮದರಾಸಿನ ಬಡವರು ಕಾರಣ.

ಆದರೂ ಮೊದಲ ದಿನವೇ ಅಮ್ಮ ಅವನ ತಟ್ಟೆ ಲೋಟ ಬೇರೆ ಇಟ್ಟರು. ಅಮ್ಮನನ್ನು ದೂರುವುದಿಲ್ಲ. ಚಿಕ್ಕಜ್ಜನ ತಟ್ಟೆಯನ್ನು ಹಿತ್ತಲಲ್ಲಿ ಇಡುತ್ತಿದ್ದ ಮನೆಗೆ ಸೊಸೆಯಾಗಿ ಬಂದವರು ಅವರು. ಸೆಂಟರಿನ ನರ್ಸಮ್ಮ ಮನೆಗೆ ಬಂದಾಗ ಆ ತಟ್ಟೆ ನೋಡಿದರು. "ಅಮ್ಮಾ, ಇದು ತಟ್ಟೆಯಿಂದ ಬರಲ್ಲ, ಗಾಳಿಯಿಂದ ಬರೋದು. ತಟ್ಟೆ ಒಟ್ಟಿಗೇ ತೊಳೀರಿ. ಕಿಟಕಿ ತೆಗೀರಿ" ಅಂದರು. ನಮ್ಮ ಕಿಟಕಿ ತೆಗೆದರೆ ಮೂರು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಬೆಂಗಳೂರಿನ ಎಷ್ಟು ಮನೆಗಳ ಕಥೆ ಇದೇ ಅಲ್ವಾ? ಸೈಟು ಒಂದು ಅಡಿಯೂ ಹಾಳಾಗಬಾರದು ಅಂತ ಕಟ್ಟುತ್ತೇವೆ, ಗಾಳಿ ಬೆಳಕಿಗೆ ಜಾಗ ಬಿಡುವುದಿಲ್ಲ. ಮೊದಲ ಎರಡು ವಾರ ಅವನು ಹಗಲೆಲ್ಲ ಟೆರೇಸಿನ ಬಿಸಿಲಲ್ಲಿ, ಮಾಸ್ಕ್ ಹಾಕಿಕೊಂಡು, ಒಣಗಿಸಿದ ಬಟ್ಟೆಗಳ ಮಧ್ಯೆ ಕೂರುತ್ತಿದ್ದ. ಸರಿಯಾದ ಮಾತ್ರೆ ಬಿದ್ದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಹರಡುವುದನ್ನು ತಡೆಯಲು ಮಾತ್ರೆಗಿಂತ ದೊಡ್ಡ ಗೋಡೆ ಇಲ್ಲ.

ಮಾತ್ರೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಇದು ಮೊದಲೇ ಗೊತ್ತಿದ್ದಿದ್ದರೆ ಅವನ ಜೊತೆ ಅಷ್ಟು ಜಗಳ ಆಗುತ್ತಿರಲಿಲ್ಲ.

ಮೊದಲ ಎರಡು ತಿಂಗಳು ನಾಲ್ಕು ಔಷಧಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್. ನಾಲ್ಕೂ ಒಂದೇ ಮಾತ್ರೆಯೊಳಗೆ. ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. 46 ಕೆಜಿ ಇದ್ದ ಇವನಿಗೆ ದಿನಕ್ಕೆ ಮೂರು, ಎಲ್ಲ ಒಂದೇ ಸಲ. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು ಔಷಧಿ. 2017ರವರೆಗೆ ನಮ್ಮಲ್ಲಿ ಸರ್ಕಾರಿ ಚಿಕಿತ್ಸೆ ವಾರಕ್ಕೆ ಮೂರು ದಿನದ್ದಿತ್ತು. ಆಮೇಲೆ ದಿನಾ ಕೊಡುವುದಕ್ಕೆ ಬದಲಾಯಿಸಿದರು.

ಯಾಕೆ ಇಷ್ಟೊಂದು? ಟೈಫಾಯ್ಡ್‌ಗೆ ಒಂದೆರಡು ವಾರ ಸಾಕು, ಇದಕ್ಕೆ ಆರು ತಿಂಗಳು ಯಾಕೆ? ನಾನು ನರ್ಸಮ್ಮನನ್ನು ಕೇಳಿದ ಪ್ರಶ್ನೆ ಇದು. ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ದೋಸೆ ಹಿಟ್ಟು ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆಗೆ ಪಾತ್ರೆ ತುಂಬ ಉಕ್ಕಿರುತ್ತದೆ. ಅದರೊಳಗಿನ ಜೀವಾಣುಗಳು ಅಷ್ಟು ಬೇಗ ಒಂದು ಎರಡಾಗಿ, ಎರಡು ನಾಲ್ಕಾಗುತ್ತವೆ. ಟಿಬಿ ರೋಗಾಣು ಹಾಗಲ್ಲ. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಜೊತೆಗೆ ಮೈಮೇಲೆ ಮೇಣದಂಥ ದಪ್ಪ ಹೊದಿಕೆ. ಔಷಧಿಗಳು ಬೆಳೆಯುತ್ತಿರುವ ರೋಗಾಣುವನ್ನು ಸುಲಭವಾಗಿ ಹೊಡೆಯುತ್ತವೆ. ಐಸೋನಿಯಾಜಿಡ್ ಮೊದಲ ದಿನಗಳಲ್ಲೇ ಅಂಥವನ್ನು ರಾಶಿ ರಾಶಿ ಕೊಲ್ಲುತ್ತದೆ. ಜ್ವರ ಇಳಿಯುವುದು, ಹಸಿವಾಗುವುದು ಅದರಿಂದಲೇ. ಆದರೆ ಕೆಲವು ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿರುತ್ತವೆ. ಯಾವಾಗಲೋ ಒಮ್ಮೆ ಮಗ್ಗುಲು ಬದಲಿಸುತ್ತವೆ. ಆ ಮಗ್ಗುಲು ಬದಲಿಸುವ ಹೊತ್ತಿಗೆ ಸರಿಯಾಗಿ ರಿಫಾಂಪಿಸಿನ್ ಅಲ್ಲಿರಬೇಕು. ಅದಕ್ಕೇ ದಿನಾ. ಅದಕ್ಕೇ ಆರು ತಿಂಗಳು. ಹಿಂದೆ ಒಂದೂವರೆ ವರ್ಷ, ಎರಡು ವರ್ಷ ನುಂಗಬೇಕಿತ್ತಂತೆ. ಅದನ್ನು ಆರು ತಿಂಗಳಿಗೆ ಇಳಿಸಿದ್ದೇ ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಜೋಡಿ.

ನಾಲ್ಕು ಔಷಧಿ ಯಾಕೆ ಅನ್ನುವುದಕ್ಕೂ ಒಂದು ನೋವಿನ ಕಥೆ ಇದೆ. 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಲ್ಯಾಬಿನಲ್ಲಿ ಆಲ್ಬರ್ಟ್ ಶಾಟ್ಜ್ ಅನ್ನುವ ವಿದ್ಯಾರ್ಥಿ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದ. ಟಿಬಿಗೆ ಸಿಕ್ಕ ಮೊದಲ ನಿಜವಾದ ಔಷಧಿ. ಬ್ರಿಟನ್ನಿನಲ್ಲಿ ಅದೊಂದನ್ನೇ ಕೊಟ್ಟು ನೋಡಿದರು. ರೋಗಿಗಳು ಎದ್ದು ಕೂತರು. ಕೆಲವೇ ತಿಂಗಳಲ್ಲಿ ಅವರಲ್ಲಿ ಎಷ್ಟೋ ಜನ ಮತ್ತೆ ಮಲಗಿದರು. ಆ ಔಷಧಿಗೆ ಬಗ್ಗದ ರೋಗಾಣುಗಳು ಉಳಿದುಕೊಂಡು, ಅವೇ ಬೆಳೆದಿದ್ದವು. ಒಂದಕ್ಕೆ ಬಗ್ಗದ್ದನ್ನು ಇನ್ನೊಂದು ಹಿಡಿಯಲಿ ಅಂತ ಅಂದಿನಿಂದ ಜೊತೆ ಜೊತೆಯಾಗಿಯೇ ಕೊಡುತ್ತಾರೆ.

ಮೊದಲ ವಾರ ಕಷ್ಟವಾಯಿತು. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಂತಿ. ಸ್ವಲ್ಪ ಏನಾದರೂ ತಿಂದು ತೆಗೆದುಕೊಳ್ಳಿ ಅಂದರು, ಸರಿಹೋಯಿತು. ಮೂತ್ರ ಕಿತ್ತಳೆ ಬಣ್ಣವಾದಾಗ ಬೆಚ್ಚಿಬಿದ್ದ. ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುವವರೂ ಇದ್ದಾರೆ. ಪ್ರತಿ ಸಲ ಹೋದಾಗ ನರ್ಸಮ್ಮ, "ಬಸ್ ಬೋರ್ಡ್ ಓದೋಕಾಗುತ್ತಾ? ಸಿಗ್ನಲ್ಲಿನ ಕೆಂಪು ಹಸಿರು ಸರಿಯಾಗಿ ಕಾಣುತ್ತಾ?" ಅಂತ ಕೇಳುತ್ತಿದ್ದರು. ಎಥಾಂಬ್ಯುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾಗುತ್ತಿದ್ದರೆ ಕೂಡಲೇ ಬರಬೇಕು ಅಂದಿದ್ದರು, ಲಿವರ್ ನೋಡಬೇಕು ಅಂತ. ಕೈಕಾಲು ಜೋಮು ಹಿಡಿಯದಿರಲಿ ಅಂತ ಒಂದು ವಿಟಮಿನ್ ಮಾತ್ರೆ ಬೇರೆ. ಕುಡಿತ ಪೂರ್ತಿ ಬಂದ್.

ಎರಡು ತಿಂಗಳ ಕೊನೆಗೆ ಕಫ ನೆಗೆಟಿವ್ ಬಂತು. ತೂಕ 52 ಆಗಿತ್ತು. ತೂಕ ಏರಿದ್ದಕ್ಕೆ ಮಾತ್ರೆಯೂ ಮೂರರಿಂದ ನಾಲ್ಕಾಯಿತು. ಅವನು ವರ್ಕ್‌ಶಾಪಿಗೆ ವಾಪಸ್ ಹೋದ. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು.

ನಿಜವಾದ ಕಷ್ಟ ಶುರುವಾದದ್ದು ಆಗ.

ಶಿವರಾತ್ರಿಯ ದಿನ ಅವನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ನಾಲ್ಕು ಮಾತ್ರೆ ಸಿಕ್ಕಿದವು. ಇನ್ನೊಂದು ಅಂಗಿಯಲ್ಲಿ ಇನ್ನೂ ನಾಲ್ಕು. ಹುಡುಕಿದೆ. ಹಾಸಿಗೆಯ ಕೆಳಗೆ ಒಂದು ಕವರಿನಲ್ಲಿ ಉಳಿದವು. ಎಣಿಸಿದರೆ ಒಂಬತ್ತು ದಿನದವು. ನಮ್ಮ ಮುಂದೆ ಕೈಗೆ ತೆಗೆದುಕೊಂಡು, ನೀರು ಕುಡಿದು, ನುಂಗಿದ ಹಾಗೆ ಮಾಡುತ್ತಿದ್ದ.

ನಾನು ಕೂಗಾಡಿದೆ. ಅವನು ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತಿದ್ದ. ಆಮೇಲೆ, "ಅಕ್ಕ, ನಾನು ಚೆನ್ನಾಗಿದ್ದೀನಿ. ಕೆಮ್ಮಿಲ್ಲ, ಜ್ವರ ಇಲ್ಲ. ಈ ಮಾತ್ರೆ ನುಂಗಿದಾಗ ಮಾತ್ರ ನಾನು ರೋಗಿ ಅನ್ನಿಸುತ್ತೆ. ನುಂಗದ ದಿನ ಎಲ್ಲರ ಥರ ಇರ್ತೀನಿ" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಜಾಗರಣೆಗೆ ಕೂತಾಗ ಅಮ್ಮ ಅವನಿಗೆ ಚಂದ್ರನ ಕಥೆ ಹೇಳಿದರು. ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದದ್ದೇ. ಇಪ್ಪತ್ತೇಳು ಹೆಂಡತಿಯರಲ್ಲಿ ರೋಹಿಣಿಯೊಬ್ಬಳನ್ನೇ ಜಾಸ್ತಿ ಪ್ರೀತಿಸಿದ್ದಕ್ಕೆ ಮಾವ ದಕ್ಷ ಚಂದ್ರನಿಗೆ ಕ್ಷಯ ಬರಲಿ ಅಂತ ಶಾಪ ಕೊಟ್ಟ. ದಿನದಿನಕ್ಕೂ ಸವೆದು ಎಳೆಯಷ್ಟಾದ ಚಂದ್ರ ಶಿವನ ಹತ್ತಿರ ಓಡಿದ. ಶಿವ ಶಾಪ ಪೂರ್ತಿ ತೆಗೆಯಲಿಲ್ಲ. ತಲೆಮೇಲೆ ಇಟ್ಟುಕೊಂಡ, ದಿನಕ್ಕೊಂದೊಂದು ಕಳೆ ಬೆಳೆಯುವ ಹಾಗೆ ಮಾಡಿದ. "ಅವನಿಗೂ ಒಂದೇ ರಾತ್ರಿಗೆ ಹುಣ್ಣಿಮೆ ಆಗ್ಲಿಲ್ಲ ಕಣೋ" ಅಂದರು ಅಮ್ಮ. ಕ್ಷಯ ಅನ್ನುವ ಮಾತನ್ನು ಅಮ್ಮ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಮರುದಿನ ಇಬ್ಬರೂ ಸೆಂಟರಿಗೆ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ನರ್ಸಮ್ಮ ಬೈಯಲಿಲ್ಲ. "ಒಂಬತ್ತು ದಿನ ತಾನೆ, ಕೊನೆಯಲ್ಲಿ ಸೇರಿಸಿಕೊಳ್ಳೋಣ. ತಿಂಗಳಾಗೋಕೆ ಮೊದ್ಲೇ ಬಂದ್ರಲ್ಲ" ಅಂದರು. ಆಮೇಲೆ ಅವನಿಗೆ ಅರ್ಥವಾಗುವ ಹಾಗೆ ಇನ್ನೊಂದು ಟಿಬಿಯ ಬಗ್ಗೆ ಹೇಳಿದರು. ಮಧ್ಯೆ ಮಧ್ಯೆ ಬಿಟ್ಟರೆ, ಬಗ್ಗದ ರೋಗಾಣು ಬೆಳೆಯಲು ಜಾಗ ಸಿಗುತ್ತದೆ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದಿದ್ದರೆ ಅದು ಎಂಡಿಆರ್ ಟಿಬಿ. ಹಿಂದೆ ಅದಕ್ಕೆ ತಿಂಗಳುಗಟ್ಟಲೆ ಇಂಜೆಕ್ಷನ್ ಕೊಡುತ್ತಿದ್ದರು, ಎಷ್ಟೋ ಜನ ಕಿವಿ ಕೇಳುವ ಶಕ್ತಿ ಕಳೆದುಕೊಂಡರು. ಮುಂಬೈಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಇಬ್ಬರೂ ಹಾಗೆ ಕಿವಿ ಕಳೆದುಕೊಂಡವರು. ಬೆಡಾಕ್ವಿಲಿನ್ ಅನ್ನುವ ಹೊಸ ಮಾತ್ರೆ 2012ರಲ್ಲಿ ಬಂತು. ಕಂಪನಿಯವರು ಅದರ ಪೇಟೆಂಟ್ ಇನ್ನಷ್ಟು ವರ್ಷ ಎಳೆಯಲು ನೋಡಿದಾಗ ಈ ಇಬ್ಬರು ಹೆಣ್ಣುಮಕ್ಕಳು ಭಾರತದ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದರು, 2023ರಲ್ಲಿ ಗೆದ್ದರು. ಈಗ ಇಂಜೆಕ್ಷನ್ ಇಲ್ಲದೆ, ಬೆಡಾಕ್ವಿಲಿನ್ ಸೇರಿದ ಮಾತ್ರೆಗಳಲ್ಲಿ ಎಷ್ಟೋ ಎಂಡಿಆರ್ ರೋಗಿಗಳಿಗೆ ಆರು ತಿಂಗಳಲ್ಲೇ ವಾಸಿಯಾಗುತ್ತದೆ. ಅವರ ಬಗ್ಗೆ ನಾನು ತಮ್ಮನಿಗೆ ಮೊಬೈಲಿನಲ್ಲಿ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಅವತ್ತಿನಿಂದ ಮಾತ್ರೆ ನುಂಗಿ ಬಾಯಿ ತೆಗೆದು ನನ್ನ ಮಗಳಿಗೆ ತೋರಿಸುತ್ತಿದ್ದ. ಅವಳು ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದಳು.

ಮಗಳು ಆ ಕೆಲಸಕ್ಕೆ ಸರಿಯಾದವಳೇ ಆಗಿದ್ದಳು. ಯಾಕೆಂದರೆ ಅಷ್ಟರಲ್ಲಿ ನಾವೂ ಮಾತ್ರೆ ನುಂಗಿದ್ದೆವು.

ಇದು ಬಹಳ ಜನಕ್ಕೆ ಗೊತ್ತಿಲ್ಲ. ಟಿಬಿ ಇರುವವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೆ ಕಾಯಿಲೆ ಬರದಂತೆ ಮುಂಚೆಯೇ ಔಷಧಿ ಕೊಡುತ್ತಾರೆ. ಮೊದಲು ಐದು ವರ್ಷದೊಳಗಿನ ಮಕ್ಕಳಿಗೆ, ಎಚ್‌ಐವಿ ಇರುವವರಿಗೆ ಮಾತ್ರ ಇತ್ತು. 2021ರಿಂದ ಮನೆಯ ಎಲ್ಲರಿಗೂ. ರೋಗಾಣು ಒಳಗೆ ಹೋದವರೆಲ್ಲ ಕಾಯಿಲೆ ಬೀಳುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಜೀವಮಾನದಲ್ಲಿ ಯಾವಾಗಲಾದರೂ ಬರುತ್ತದೆ. ಅದರಲ್ಲೂ ಹೆಚ್ಚಿನವರಿಗೆ ಮೊದಲ ಎರಡು ವರ್ಷದಲ್ಲಿ. ನಮಗೆ ಮೊದಲು ಎಕ್ಸ್‌ರೇ ತೆಗೆದು, ಕೆಮ್ಮು ಜ್ವರ ವಿಚಾರಿಸಿ, ಈಗಾಗಲೇ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಅದು ಬಹಳ ಮುಖ್ಯ. ಕಾಯಿಲೆ ಇದ್ದವರಿಗೆ ಈ ಸಣ್ಣ ಚಿಕಿತ್ಸೆ ಕೊಟ್ಟರೆ ಆ ಸ್ಟ್ರೆಪ್ಟೋಮೈಸಿನ್ ಕಥೆಯೇ ಮತ್ತೆ. ನಮಗೆ ಕೊಟ್ಟದ್ದು ಐಸೋನಿಯಾಜಿಡ್ ಮತ್ತು ರಿಫಪೆಂಟಿನ್, ವಾರಕ್ಕೊಂದು ದಿನ, 12 ವಾರ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ನನ್ನನ್ನು ಕೇಳಿದರು. ಈ ಔಷಧಿ ಅದರ ಶಕ್ತಿ ಕುಗ್ಗಿಸುತ್ತದೆ.

ಐದನೇ ವಾರ ನಾನೇ ಮರೆತೆ. ಭಾನುವಾರದ ಮಾತ್ರೆ ಮಂಗಳವಾರ ನೆನಪಾಯಿತು. ನನಗೆ ಏನೂ ಆಗಿರಲಿಲ್ಲ ನೋಡಿ. ಏನೂ ಆಗದವರು ಮಾತ್ರೆ ನೆನಪಿಟ್ಟುಕೊಳ್ಳುವುದು ಎಷ್ಟು ಕಷ್ಟ ಅಂತ ನನ್ನ ಮೈಯಲ್ಲೇ ತಿಳಿಯಿತು. ಹಾಗಿದ್ದೂ ಶಿವರಾತ್ರಿಯ ದಿನ ತಮ್ಮನ ಮೇಲೆ ಕೂಗಾಡಿದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಇದೆಯಲ್ಲ ಅಂತ ನನ್ನ ಗಂಡ ಕೇಳಿದರು. ಎಳೆ ಮಕ್ಕಳಿಗೆ ಮೆದುಳಿನ ಟಿಬಿಯಂಥ ಭಯಂಕರ ರೂಪ ಬರದಂತೆ ಅದು ಕಾಯುತ್ತದೆ. ದೊಡ್ಡವರ ಶ್ವಾಸಕೋಶಕ್ಕೆ ಅದರಿಂದ ಅಷ್ಟು ರಕ್ಷಣೆ ಇಲ್ಲ ಅನ್ನುವುದು ತಮಿಳುನಾಡಿನ ಚೆಂಗಲ್‌ಪಟ್ಟು ಕಡೆ ನಡೆದ ದೊಡ್ಡ ಅಧ್ಯಯನದಲ್ಲೇ ಗೊತ್ತಾಗಿದೆ.

ಊಟವೇ ಅರ್ಧ ಲಸಿಕೆ ಅಂತ ಈಗ ನನಗೆ ಅನ್ನಿಸುತ್ತದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು. ಟಿಬಿ ರೋಗಿಗಳ ಜೊತೆಯಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. 2023ರಲ್ಲಿ ಇದು ಪ್ರಕಟವಾಯಿತು. ಅಕ್ಕಿ, ಬೇಳೆ, ವಿಟಮಿನ್ ಇಷ್ಟರಿಂದಲೇ! ತಮ್ಮನಿಗೆ ಸರ್ಕಾರದಿಂದ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಬಂತು. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಮೊಟ್ಟೆ, ಕಡಲೆಬೀಜಕ್ಕೆ ಆಯಿತು. ಮುದ್ದೆ, ಸೊಪ್ಪಿನ ಸಾರು ಅಮ್ಮನದು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಕಫದಲ್ಲಿ ರೋಗಾಣು ಕಂಡಿತ್ತು, ಟಿಬಿ ಮಾತ್ರೆ ತೆಗೆದುಕೊಂಡರೂ ಗುಣವಾಗಲಿಲ್ಲ. ಎಂಡಿಆರ್ ಅಂತ ಹೆದರಿದ್ದರು. ಕಲ್ಚರ್, ಅಂದರೆ ಕಫದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದಾಗ ಅದು ಟಿಬಿಯೇ ಅಲ್ಲ, ಟಿಬಿಯ ದಾಯಾದಿ. ನೀರಲ್ಲಿ, ಮಣ್ಣಲ್ಲಿ ಇರುವ ಇದೇ ಜಾತಿಯ ಬೇರೆ ಜೀವಾಣು, ಎನ್‌ಟಿಎಂ ಅನ್ನುತ್ತಾರೆ. ಮೊದಲೇ ಹಾಳಾದ ಶ್ವಾಸಕೋಶದಲ್ಲಿ ಬಂದು ಕೂರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅವರಿಗೆ ಈಗ ಅಜಿತ್ರೋಮೈಸಿನ್ ಸೇರಿ ಮೂರು ಔಷಧಿ. ಕಲ್ಚರ್ ನೆಗೆಟಿವ್ ಆದ ಮೇಲೂ ಇನ್ನೊಂದು ವರ್ಷ ತೆಗೆದುಕೊಳ್ಳಬೇಕಂತೆ. ಗುಣವಾಗುತ್ತಿಲ್ಲ ಅನ್ನಿಸಿದರೆ ಕಲ್ಚರ್ ಆಗಿದೆಯಾ, ಯಾವ ಜಾತಿಯದು ಅಂತ ಕೇಳಲು ಹಿಂಜರಿಯಬೇಡಿ.

ತಮ್ಮನ ಚಿಕಿತ್ಸೆ 2025ರ ಮೇ ತಿಂಗಳಲ್ಲಿ ಮುಗಿಯಿತು, ಒಂಬತ್ತು ದಿನ ತಡವಾಗಿ. ಕಫ ನೆಗೆಟಿವ್. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಕಲೆ ಉಳಿದಿದೆ, ಅದು ಗಾಯ ಮಾಗಿದ ಗುರುತು. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದಿದ್ದಾರೆ. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಮತ್ತೆ ಬಿಸ್ಕತ್ತಿದೆ.

ಜುಲೈನಲ್ಲಿ ಮಳೆ ಹಿಡಿದಾಗ ಅವನಿಗೆ ಮತ್ತೆ ಕೆಮ್ಮು ಬಂತು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ, ಕೇಳಲು ಹೆದರಿಕೆ. ಒಂದು ಬೆಳಿಗ್ಗೆ ಆರು ಗಂಟೆಗೆ ಎದ್ದು ನೋಡಿದರೆ ಅವನು ಟೆರೇಸಿನಲ್ಲಿ ನಿಂತು ಬಾಯಿ ಮುಕ್ಕಳಿಸುತ್ತಿದ್ದ. ಕೈಯಲ್ಲಿ ಆ ಪ್ಲಾಸ್ಟಿಕ್ ಡಬ್ಬಿ. ಹಿಂದಿನ ದಿನವೇ ಹೋಗಿ ಇಸಿದುಕೊಂಡು ಬಂದಿದ್ದನಂತೆ. "ಇನ್ನೂ ಎರಡು ವಾರ ಆಗಿಲ್ಲ ಅಲ್ವಾ?" ಅಂದೆ. "ನನ್ನಂಥವರು ಅಷ್ಟು ದಿನ ಕಾಯಬಾರದಂತೆ ಅಕ್ಕ" ಅಂದ. ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಕವರಿಗೆ ಹಾಕಿಕೊಂಡು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊಟ್ಟು ಹೋದ.

ಮರುದಿನ ಸಂಜೆ ಫೋನ್ ಮಾಡಿ ಹೇಳಿದರು. ನೆಗೆಟಿವ್. ಬರೀ ಮಳೆಯ ಕೆಮ್ಮು.